ವೈರು ಹೋಯಿತು, ಹಂಗು ಉಳಿಯಿತು

ಗೋಡೆಯ ಪ್ಲಗ್ ಪಾಯಿಂಟಿನ ಮೇಲೆ ಯಾವ ಡ್ರಿಲ್ ಕಂಪನಿಯ ಅಧಿಕಾರವೂ ನಡೆಯುವುದಿಲ್ಲ. ಅದರ ತೂತುಗಳು ಎಷ್ಟು ದಪ್ಪ, ಎಷ್ಟು ದೂರ ಇರಬೇಕೆಂಬುದನ್ನು ನಮ್ಮಲ್ಲಿ ಐಎಸ್ 1293 ಎಂಬ ಭಾರತೀಯ ಮಾನಕ ಗೊತ್ತುಮಾಡಿದೆ. ಒಳಗೆ ಹರಿಯುವ ಕರೆಂಟು 230 ವೋಲ್ಟಿನದು ಎಂಬುದೂ ಎಲ್ಲರಿಗೂ ಒಂದೇ. ಹಾಗಾಗಿ ಮೂವತ್ತು ವರ್ಷದ ಹಿಂದೆ ಕೊಂಡ ಡ್ರಿಲ್ಲು ನಿನ್ನೆ ಗೃಹಪ್ರವೇಶವಾದ ಮನೆಯಲ್ಲೂ ತಿರುಗುತ್ತದೆ, ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಬ್ಯಾಟರಿ ಡ್ರಿಲ್ಲಿನ ಹಿಡಿಕೆಯ ಬುಡದಲ್ಲಿರುವ ಕಚ್ಚಿನ ಕಥೆ ಬೇರೆ. ಅಲ್ಲಿ ಕೂರುವುದು ಆ ಕಂಪನಿಯ ಬ್ಯಾಟರಿ ಮಾತ್ರ. ಪಕ್ಕದ ಕಂಪನಿಯದೂ ಅದೇ 18 ವೋಲ್ಟಿನದಾಗಿರಬಹುದು, ಅದೇ ಅಳತೆಯ ಸೆಲ್ಲುಗಳೇ ಒಳಗಿರಬಹುದು, ಆದರೂ ಪ್ಲಾಸ್ಟಿಕ್ಕಿನ ಒಂದು ಏಣು ಅಡ್ಡ ಬರುತ್ತದೆ. ಕಳೆದ ಎರಡು ದಶಕಗಳಲ್ಲಿ ಹವ್ಯಾಸಕ್ಕಾಗಿ ಮರಗೆಲಸ ಮಾಡುವವರು ವೈರಿನ ಉಪಕರಣಗಳನ್ನು ಬಿಟ್ಟು ಬ್ಯಾಟರಿಯ ಕಡೆಗೆ ಹೊರಳಿದ್ದನ್ನು ಸಾಮಾನ್ಯವಾಗಿ ಒಂದು ಬಿಡುಗಡೆಯ ಕಥೆಯಾಗಿ ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಅರ್ಧ ಕಥೆ. ಈ ಹೊರಳುವಿಕೆಯ ಇತಿಹಾಸವನ್ನು ಸಾಲಾಗಿ ಇಟ್ಟು ನೋಡಿದರೆ ಕಾಣುವುದು ಇನ್ನೊಂದು: ಉಪಕರಣವು ಗೋಡೆಯಿಂದ ಬಿಡಿಸಿಕೊಂಡಿತು, ಬಳಸುವವನು ಕಂಪನಿಗೆ ಕಟ್ಟಿಕೊಂಡ. ಇದು ತಂತ್ರಜ್ಞಾನ ಹೇರಿದ ಕಟ್ಟಲ್ಲ, ವ್ಯಾಪಾರ ಹೆಣೆದದ್ದು. ಆದ್ದರಿಂದ ಬಿಚ್ಚಲೂ ಬರುವಂಥದ್ದು ಎಂಬುದು ನನ್ನ ವಾದ.

ಮೊದಲು ವೈರಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ಬೈರಿಗೆ, ಉಳಿ, ಉಜ್ಜುಗೊರಡುಗಳ ಲೋಕಕ್ಕೆ ಕರೆಂಟು ಬಂದಾಗ ಅದನ್ನು ಕೈಗೆ ಹತ್ತಿರ ತಂದದ್ದೇ ವೈರು. 1889ರಲ್ಲಿ ಮೆಲ್ಬರ್ನಿನ ಆರ್ಥರ್ ಜೇಮ್ಸ್ ಆರ್ನಟ್ ಮತ್ತು ವಿಲಿಯಂ ಬ್ಲಾಂಚ್ ಬ್ರೈನ್ ವಿದ್ಯುತ್ ಡ್ರಿಲ್ಲಿಗೆ ಪೇಟೆಂಟ್ ಪಡೆದರು; ಅವರ ಕಣ್ಣಿದ್ದದ್ದು ಕಲ್ಲು ಮತ್ತು ಕಲ್ಲಿದ್ದಲಿನ ಮೇಲೆ, ಮರದ ಮೇಲಲ್ಲ. 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಕಂಪನಿ ಎತ್ತಿಕೊಂಡು ಓಡಾಡಬಹುದಾದ ಡ್ರಿಲ್ ಮಾಡಿತು. ಅಮೆರಿಕದ ಮೇರಿಲ್ಯಾಂಡಿನಲ್ಲಿ ಡಂಕನ್ ಬ್ಲ್ಯಾಕ್ ಮತ್ತು ಅಲಾಂಜೊ ಡೆಕ್ಕರ್ ಪಿಸ್ತೂಲಿನ ಹಿಡಿಕೆಯನ್ನೂ ಬೆರಳಿನಿಂದ ಒತ್ತುವ ಸ್ವಿಚ್ಚನ್ನೂ ಡ್ರಿಲ್ಲಿಗೆ ಜೋಡಿಸಿ 1917ರಲ್ಲಿ ಪೇಟೆಂಟ್ ಪಡೆದರು. ಇವತ್ತಿನ ಡ್ರಿಲ್ಲಿನ ಆಕಾರ ಅಂದು ನಿಂತದ್ದೇ ನಿಂತದ್ದು. 1920ರ ದಶಕದಲ್ಲಿ ಎಡ್ಮಂಡ್ ಮಿಷೆಲ್ ಎಂಬಾತ ಕಬ್ಬು ಕಡಿಯುವ ಮಚ್ಚಿಗೆ ಮೋಟಾರು ಕೂರಿಸಲು ಹೊರಟು ಕೊನೆಗೆ ಕೈಯಲ್ಲಿ ಹಿಡಿಯುವ ವೃತ್ತಾಕಾರದ ಗರಗಸಕ್ಕೆ ಬಂದು ಮುಟ್ಟಿದ. ಸ್ಕಿಲ್ ಕಂಪನಿ ಹುಟ್ಟಿದ್ದು ಅದರಿಂದ. 1946ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಕೌಫ್‌ಮನ್ ಹೊಲಿಗೆ ಯಂತ್ರದ ಸೂಜಿಯ ಜಾಗಕ್ಕೆ ಗರಗಸದ ಅಲಗು ಸಿಕ್ಕಿಸಿ ಜಿಗ್‌ಸಾಗೆ ದಾರಿ ಮಾಡಿದ. ಇವರಲ್ಲಿ ಯಾರೂ ಭಾನುವಾರ ಮಧ್ಯಾಹ್ನ ಮನೆಯ ಹಿತ್ತಿಲಲ್ಲಿ ಸ್ಟೂಲು ಮಾಡುವವನನ್ನು ನೆನೆದು ಕೆಲಸ ಮಾಡಲಿಲ್ಲ. ಹವ್ಯಾಸಿ ಈ ಪೇಟೆಗೆ ಬಂದದ್ದು ತಡವಾಗಿ, ಅದೂ ಹಿಂಬಾಗಿಲಿನಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಯ ಕೆಲಸಗಾರರು ಡ್ರಿಲ್ಲುಗಳನ್ನು ಸದ್ದಿಲ್ಲದೆ ಮನೆಗೆ ಒಯ್ಯುತ್ತಿದ್ದುದು ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿಯ ಗಮನಕ್ಕೆ ಬಂತೆಂದೂ, ಮನೆಯಲ್ಲಿ ಇದಕ್ಕೆ ಗಿರಾಕಿಯಿದೆ ಎಂಬ ಅರಿವು ಅಲ್ಲಿಂದ ಮೂಡಿತೆಂದೂ ಹೇಳುತ್ತಾರೆ. 1946ರಲ್ಲಿ ಅದು ಮನೆಬಳಕೆಗೆಂದೇ ಅಗ್ಗದ ಡ್ರಿಲ್ಲುಗಳನ್ನು ಮಾರುಕಟ್ಟೆಗೆ ಬಿಟ್ಟಿತು.

ಅದರ ನಂತರದ ಹತ್ತು ಹದಿನೈದು ವರ್ಷಗಳು ನಮ್ಮ ವಾದಕ್ಕೆ ಬಹಳ ಮುಖ್ಯ. ಆ ಕಾಲದಲ್ಲಿ ಉಪಕರಣದ ದುಬಾರಿ ಭಾಗವೆಂದರೆ ಮೋಟಾರು. ಡ್ರಿಲ್ಲಿಗೊಂದು, ಗರಗಸಕ್ಕೊಂದು, ಉಜ್ಜುವುದಕ್ಕೊಂದು ಮೋಟಾರು ಕೊಳ್ಳುವ ಶಕ್ತಿ ಸಂಬಳದಾರನಿಗೆ ಇರಲಿಲ್ಲ. ಆದ್ದರಿಂದ ಒಂದೇ ಮೋಟಾರಿಗೆ ಹಲವು ಕೆಲಸ ಹಚ್ಚುವ ಉಪಾಯ ಹುಟ್ಟಿತು. ಅಮೆರಿಕದಲ್ಲಿ ಹಾನ್ಸ್ ಗೋಲ್ಡ್‌ಸ್ಮಿತ್ 1947ರಲ್ಲಿ ತಂದ ಶಾಪ್‌ಸ್ಮಿತ್ ಯಂತ್ರದಲ್ಲಿ ಒಂದೇ ಮೋಟಾರಿನಿಂದ ಕಡಚಲು ಹಿಡಿಯಬಹುದು, ಕೊಯ್ಯಬಹುದು, ಕೊರೆಯಬಹುದು, ಉಜ್ಜಬಹುದು. ಬ್ರಿಟನ್ನಿನ ಮನೆಗಳಲ್ಲಿ ವುಲ್ಫ್ ಕಬ್‌ನಂಥ ಪುಟ್ಟ ಡ್ರಿಲ್ಲಿಗೆ ಗರಗಸದ ತಲೆ, ಉಜ್ಜುವ ತಟ್ಟೆ, ನಿಲ್ಲಿಸುವ ಕಂಬ ಎಂದು ಒಂದೊಂದೇ ಕೊಂಡು ಸೇರಿಸುತ್ತಿದ್ದರು. ಡ್ರಿಲ್ಲೇ ಮನೆಯ ಕಾರ್ಖಾನೆಯ ಎಂಜಿನ್ನು. ದುಬಾರಿ ಭಾಗವನ್ನು ಒಮ್ಮೆ ಕೊಂಡು ಉಳಿದದ್ದನ್ನು ಅದರ ಸುತ್ತ ಬೆಳೆಸುವ ಈ ಲೆಕ್ಕಾಚಾರ ಇವತ್ತಿನ ಬ್ಯಾಟರಿ ಕಂಪನಿಗಳು ಕಂಡುಹಿಡಿದದ್ದಲ್ಲ. ಅದು ಯುದ್ಧೋತ್ತರ ಕಾಲದ ಹವ್ಯಾಸಿಯ ಬಡತನದ ಕೂಸು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಯುರೋಪಿನ ಡ್ರಿಲ್ಲುಗಳ ಕೊರಳು 43 ಮಿಲಿಮೀಟರ್ ಎಂಬ ಅಳತೆಗೆ ಬಂದು ನಿಂತಿತು. ಆ ಕೊರಳಿಗೆ ಹೊಂದುವ ಕಂಬವನ್ನು ಯಾರಿಂದ ಬೇಕಾದರೂ ಕೊಳ್ಳಬಹುದಿತ್ತು, ಇಂದಿಗೂ ಕೊಳ್ಳಬಹುದು. ಹಂಚಿಕೊಳ್ಳುವ ಭಾಗವೂ ಅದನ್ನು ಬೆಸೆಯುವ ಕೀಲೂ ಒಬ್ಬನದೇ ಆಗಬೇಕೆಂಬ ನಿಯಮ ಇರಲಿಲ್ಲ.

ಬ್ಯಾಟರಿಯ ಡ್ರಿಲ್ಲು ಹುಟ್ಟಿದ್ದು 1961ರಲ್ಲಿ, ಅದೇ ಬ್ಲ್ಯಾಕ್ ಅಂಡ್ ಡೆಕ್ಕರ್ ಮನೆಯಲ್ಲಿ. ಚಂದ್ರನ ಮೇಲೆ ಹೋಗಲು ನಾಸಾ ಇದನ್ನು ಕಂಡುಹಿಡಿಯಿತು ಎಂಬ ಜನಪ್ರಿಯ ಕಥೆ ತಲೆಕೆಳಗು. ಕಂಪನಿಯ ಡ್ರಿಲ್ಲು ಮೊದಲು ಬಂತು; 1960ರ ದಶಕದ ನಡುವೆ ಮಾರ್ಟಿನ್ ಮರಿಯೆಟಾ ಸಂಸ್ಥೆಯ ಜೊತೆ ಸೇರಿ ನಾಸಾದ ಕೆಲಸಕ್ಕೆ ಉಪಕರಣಗಳನ್ನು ಮಾಡಿಕೊಟ್ಟದ್ದು ಆಮೇಲೆ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ನೆಲ ಕೊರೆದದ್ದು ಆ ಬಳಗದ ಡ್ರಿಲ್ಲಿನಿಂದ, ಅದರಲ್ಲಿದ್ದದ್ದು ಬೆಳ್ಳಿ-ಸತುವಿನ ಬ್ಯಾಟರಿ. ಪ್ಲಗ್ ಪಾಯಿಂಟೇ ಇಲ್ಲದ ಜಾಗ ಎಂದರೆ ಚಂದ್ರ. ಅಲ್ಲಿಗೆ ಬ್ಯಾಟರಿಯೇ ಬೇಕು, ಖರ್ಚನ್ನು ಯಾರೂ ಕೇಳುವುದಿಲ್ಲ. ಭೂಮಿಯ ಮೇಲೆ ಲೆಕ್ಕ ಬೇರೆ. 1961ರ ಡ್ರಿಲ್ಲಿನಲ್ಲಿದ್ದದ್ದು ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಕಂಡುಹಿಡಿದ ನಿಕಲ್-ಕ್ಯಾಡ್ಮಿಯಂ ಸೆಲ್ಲು. ಒಂದು ಸೆಲ್ಲಿಗೆ 1.2 ವೋಲ್ಟು, ನಾಲ್ಕು ಸೇರಿದರೆ 4.8. ಇಷ್ಟು ಕಡಿಮೆ ವೋಲ್ಟಿನಲ್ಲಿ 100 ವ್ಯಾಟ್ ಕೆಲಸ ತೆಗೆಯಬೇಕಾದರೆ 20 ಆಂಪಿಯರ್‌ಗೂ ಮಿಕ್ಕಿ ಕರೆಂಟು ಹರಿಯಬೇಕು. ಅದೇ 100 ವ್ಯಾಟ್‌ಗೆ ನಮ್ಮ ಗೋಡೆಯ 230 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಕೂಡ ಬೇಡ. ಕರೆಂಟು ಹೆಚ್ಚಿದಷ್ಟೂ ಸೆಲ್ಲು, ತಂತಿ, ಸ್ವಿಚ್ಚು ಎಲ್ಲವೂ ಕಾಯುತ್ತವೆ, ಶಕ್ತಿ ಶಾಖವಾಗಿ ಸೋರುತ್ತದೆ. ವೈರು ನಲವತ್ತು ವರ್ಷ ಗೆದ್ದುಕೊಂಡೇ ಬಂದದ್ದು ಜನರ ಹಳೇ ಚಾಳಿಯಿಂದಲ್ಲ, ಈ ಲೆಕ್ಕದಿಂದ.

ಆ ನಲವತ್ತು ವರ್ಷ ಬ್ಯಾಟರಿಯನ್ನು ಸಾಕಿದವನು ಹವ್ಯಾಸಿಯಲ್ಲ, ವೃತ್ತಿಯವನು. ಜಪಾನಿನ ಮಕೀಟಾ ಕಂಪನಿ 1978ರಲ್ಲಿ ತಂದ 6010ಡಿ ಎಂಬ 7.2 ವೋಲ್ಟಿನ ಡ್ರಿಲ್ಲಿನ ಬ್ಯಾಟರಿಯನ್ನು ಹಿಡಿಕೆಯಿಂದ ಕಳಚಿ ಚಾರ್ಜಿಗೆ ಇಡಬಹುದಿತ್ತು. ಒಂದು ಓಡುವಾಗ ಇನ್ನೊಂದು ತುಂಬಿಕೊಳ್ಳುತ್ತದೆ. ಕರೆಂಟು ಸಂಪರ್ಕ ಇನ್ನೂ ಬಾರದ ಹೊಸ ಕಟ್ಟಡದಲ್ಲಿ, ಏಣಿಯ ತುದಿಯಲ್ಲಿ, ಬೀರುವಿನೊಳಗೆ ತಲೆ ತೂರಿಸಿ ಕೆಲಸ ಮಾಡುವವನಿಗೆ ಇದು ವರವೇ. ಅವನು ದಿನವೂ ಬಳಸುತ್ತಾನೆ, ದಿನವೂ ಚಾರ್ಜ್ ಮಾಡುತ್ತಾನೆ. ಹವ್ಯಾಸಿಯ ದಿನಚರಿ ಇದಕ್ಕೆ ತದ್ವಿರುದ್ಧ. ಹಬ್ಬಕ್ಕೊಮ್ಮೆ, ರಜೆಗೊಮ್ಮೆ ಉಪಕರಣ ಕೈಗೆ ಬರುತ್ತದೆ. ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ದೊಡ್ಡ ದೋಷವೇ ಸುಮ್ಮನೆ ಇಟ್ಟರೂ ಬರಿದಾಗುವುದು; ಎರಡು ಮೂರು ತಿಂಗಳು ಕಪಾಟಿನಲ್ಲಿ ಮಲಗಿದ ಡ್ರಿಲ್ಲು ಬೇಕಾದ ಹೊತ್ತಿಗೆ ಎರಡು ಸ್ಕ್ರೂ ತಿರುಗಿಸಿ ಕೈಚೆಲ್ಲುತ್ತಿತ್ತು. ವೃತ್ತಿಯವನ ಲೆಕ್ಕದಲ್ಲಿ ನಗಣ್ಯವಾದ ಈ ದೋಷ ಹವ್ಯಾಸಿಯ ಲೆಕ್ಕದಲ್ಲಿ ಸರ್ವಸ್ವ. ಹೀಗಾಗಿ 1980, 90ರ ದಶಕಗಳಲ್ಲಿ ಸ್ಕ್ರೂ ತಿರುಗಿಸುವುದಕ್ಕೆ ಒಂದು ಬ್ಯಾಟರಿ ಡ್ರಿಲ್ಲು ಮನೆಗೆ ಬಂದರೂ ಗರಗಸ, ರೂಟರ್, ಸ್ಯಾಂಡರ್, ಪ್ಲೇನರ್‌ಗಳು ವೈರಿನಲ್ಲೇ ಉಳಿದವು. ಮರಗೆಲಸಕ್ಕೆ ಇನ್ನೂ ಒಂದು ಕಾರಣವಿತ್ತು. ಸ್ಕ್ರೂ ತಿರುಗಿಸುವುದು ಕ್ಷಣದ ಕೆಲಸ. ತೇಗದ ಹಲಗೆಯನ್ನು ಉದ್ದಕ್ಕೆ ಸೀಳುವುದು, ಗಂಟೆಗಟ್ಟಲೆ ಮೇಜಿನ ಮೈ ಉಜ್ಜುವುದು, ರೂಟರಿನಲ್ಲಿ ಅಂಚು ತಿದ್ದುವುದು ನಿಲ್ಲದೆ ಶಕ್ತಿ ಬೇಡುವ ಕೆಲಸಗಳು.

ಲಿಥಿಯಂ ಬಂದ ಮೇಲೆ ಈ ಲೆಕ್ಕಗಳೆಲ್ಲ ಬದಲಾದವು. 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು ಕ್ಯಾಮೆರಾದಂಥ ಮೆದು ಕೆಲಸಗಳಿಗೆ. ಒಮ್ಮೆಲೇ ದೊಡ್ಡ ಕರೆಂಟು ಕಕ್ಕುವ ಸೆಲ್ಲುಗಳು ಬರಲು ಇನ್ನೂ ಹತ್ತು ವರ್ಷ ಹಿಡಿಯಿತು. 2003ರಲ್ಲಿ ಬಾಷ್ ಕಂಪನಿಯ ಇಕ್ಸೊ ಎಂಬ ಅಂಗೈಯಗಲದ ಸ್ಕ್ರೂಡ್ರೈವರ್ ಬಂತು, 3.6 ವೋಲ್ಟು, ಅಂದರೆ ಒಂದೇ ಸೆಲ್ಲು. 2005ರಲ್ಲಿ ಅಮೆರಿಕದ ಮಿಲ್ವಾಕಿ 28 ವೋಲ್ಟಿನ, ಮಕೀಟಾ 18 ವೋಲ್ಟಿನ ಲಿಥಿಯಂ ಉಪಕರಣಗಳನ್ನು ತಂದವು. ಈಗಿನ ಒಂದು 18 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿಯ ನಾಲ್ಕು ಸ್ಕ್ರೂ ಬಿಚ್ಚಿದರೆ ಒಳಗೆ ಹತ್ತು ಸೆಲ್ಲುಗಳು ಕಾಣುತ್ತವೆ. ಬಹುತೇಕ ಕಂಪನಿಗಳಲ್ಲಿ ಒಂದೊಂದೂ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಎರಡೆರಡು ಸೆಲ್ಲು ಜೋಡಿಯಾಗಿ, ಐದು ಜೋಡಿ ಸಾಲಾಗಿ, ತೆಳ್ಳನೆಯ ನಿಕಲ್ ಪಟ್ಟಿಯಿಂದ ಬೆಸೆದಿರುತ್ತವೆ. ಜೋಡಿಗೆ 3.6 ವೋಲ್ಟಿನಂತೆ ಐದು ಜೋಡಿಗೆ 18. ತುಂಬಿದಾಗ ಒಂದೊಂದು ಸೆಲ್ಲೂ 4 ವೋಲ್ಟು ದಾಟುವುದರಿಂದ ಅದೇ ಡಬ್ಬವನ್ನು ಅಮೆರಿಕದಲ್ಲಿ 20 ವೋಲ್ಟಿನದೆಂದು ಮಾರುವುದೂ ಉಂಟು, ಒಳಗಿನ ಸರಕು ಬೇರೆಯೇನಲ್ಲ. ಮೇಲೊಂದು ಪುಟ್ಟ ಸರ್ಕ್ಯೂಟ್ ಹಲಗೆ, ಶಾಖ ಅಳೆಯುವ ಒಂದು ಬಿಂದು. ಸೆಲ್ಲು ಅತಿಯಾಗಿ ತುಂಬದಂತೆ, ಅತಿಯಾಗಿ ಬರಿದಾಗದಂತೆ ಕಾಯುವುದು ಇವುಗಳ ಕೆಲಸ. ಸುಮ್ಮನಿಟ್ಟರೆ ಈ ಬ್ಯಾಟರಿ ತಿಂಗಳಿಗೆ ಕಳೆದುಕೊಳ್ಳುವುದು ತೀರ ಅಲ್ಪ. ಹವ್ಯಾಸಿಗೆ ಬಾಗಿಲು ತೆರೆದದ್ದು ಈ ಗುಣವೇ ಹೊರತು ಬರೀ ಶಕ್ತಿಯಲ್ಲ. ಅದರ ಜೊತೆಗೆ 2010ರ ಆಸುಪಾಸಿನಲ್ಲಿ ಕಾರ್ಬನ್ ಬ್ರಷ್ ಇಲ್ಲದ ಮೋಟಾರುಗಳು ಹಬ್ಬಿದವು. 1980ರ ದಶಕದ ಆರಂಭದಲ್ಲಿ ಜಪಾನ್, ಅಮೆರಿಕಗಳಲ್ಲಿ ಬೇರೆಬೇರೆಯಾಗಿ ರೂಪುಗೊಂಡ ನಿಯೋಡೈಮಿಯಂ ಆಯಸ್ಕಾಂತ ಈ ಮೋಟಾರುಗಳನ್ನು ಚಿಕ್ಕದಾಗಿಯೂ ಗಟ್ಟಿಯಾಗಿಯೂ ಮಾಡಿತ್ತು. ತಿಕ್ಕಾಟದಲ್ಲಿ ಪೋಲಾಗುತ್ತಿದ್ದ ಶಕ್ತಿಯೂ ಉಳಿಯಿತು.

ಇಷ್ಟಾಗುವಾಗ ದುಬಾರಿ ಭಾಗ ಮೋಟಾರಿನಿಂದ ಬ್ಯಾಟರಿಗೆ ಸರಿದಿತ್ತು. 1950ರ ದಶಕದ ಲೆಕ್ಕಾಚಾರ ಮತ್ತೆ ಎದ್ದು ಬಂತು: ಬ್ಯಾಟರಿ ಒಮ್ಮೆ ಕೊಳ್ಳಿ, ಮೈಮಾತ್ರ ಇರುವ ಉಪಕರಣಗಳನ್ನು ಒಂದೊಂದಾಗಿ ಸೇರಿಸಿಕೊಳ್ಳಿ. ಡ್ರಿಲ್ಲಿನ ಜೊತೆ ಎರಡು ಬ್ಯಾಟರಿ, ಒಂದು ಚಾರ್ಜರ್ ಹತ್ತಿರ ಹತ್ತಿರ ಉಚಿತವೆನ್ನುವ ಬೆಲೆಗೆ ಸಿಗುವುದು, ಬರೀ ಬ್ಯಾಟರಿ ಕೊಳ್ಳಹೋದರೆ ಕಣ್ಣು ಕತ್ತಲೆ ಬರುವುದು ಇದರಿಂದಲೇ. ಮೊದಲ ಡ್ರಿಲ್ಲು ಕೊಳ್ಳುವಾಗ ಹವ್ಯಾಸಿ ತಾನು ಡ್ರಿಲ್ಲು ಆರಿಸುತ್ತಿದ್ದೇನೆ ಎಂದುಕೊಳ್ಳುತ್ತಾನೆ; ನಿಜದಲ್ಲಿ ಅವನು ಮುಂದಿನ ಹತ್ತು ವರ್ಷದ ಗರಗಸ, ಸ್ಯಾಂಡರ್, ರೂಟರ್‌ಗಳ ಕಂಪನಿಯನ್ನು ಆರಿಸಿಯಾಗಿದೆ. 43 ಮಿಲಿಮೀಟರಿನ ಕೊರಳಿನಂತೆ ಇಲ್ಲಿ ಕೀಲು ಎಲ್ಲರದೂ ಆಗಲಿಲ್ಲ. ಈ ಹಂಗು ಎಷ್ಟು ಬಿಗಿ ಎಂಬುದನ್ನು ಎರಡು ಕಂಪನಿಗಳ ನಡೆಯಿಂದ ಅಳೆಯಬಹುದು. ಅಮೆರಿಕದ ಡಿವಾಲ್ಟ್ 2011ರಲ್ಲಿ ಹೊಸ ಆಕಾರದ ಬ್ಯಾಟರಿ ತಂದಾಗ ಅದುವರೆಗಿನ ಅದರದೇ 18 ವೋಲ್ಟಿನ ಉಪಕರಣಗಳಿಗೆ ಅದು ಕೂರಲಿಲ್ಲ. ನಡುವೆ ಸಿಕ್ಕಿಸುವ ಅಡಾಪ್ಟರ್ ಬಂದದ್ದು ಕೆಲವು ವರ್ಷ ಕಳೆದ ಮೇಲೆ. ರಿಯೋಬಿ ಕಂಪನಿ ಮಾತ್ರ 1996ರಲ್ಲಿ ಶುರುಮಾಡಿದ 18 ವೋಲ್ಟಿನ ಕಚ್ಚನ್ನು ಇಂದಿಗೂ ಉಳಿಸಿಕೊಂಡಿದೆ. ನಿಕಲ್-ಕ್ಯಾಡ್ಮಿಯಂ ಕಾಲದ ಡ್ರಿಲ್ಲು ಇವತ್ತಿನ ಲಿಥಿಯಂ ಬ್ಯಾಟರಿಯಲ್ಲಿ ತಿರುಗುತ್ತದೆ. ರಸಾಯನಶಾಸ್ತ್ರ ಪೂರ್ತಿ ಬದಲಾದರೂ ಕೀಲು ಬದಲಾಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ. ಬದಲಾಯಿಸುವುದೋ ಬಿಡುವುದೋ ಎಂಬುದು ಕಂಪನಿಯ ತೀರ್ಮಾನ. ಅದರ ಫಲ ಉಣ್ಣುವವನು ಕೊಂಡವನು.

ಹವ್ಯಾಸಿಗೆ ಈ ಹಂಗು ವೃತ್ತಿಯವನಿಗಿಂತ ಹೆಚ್ಚು ಭಾರ. ವೃತ್ತಿಯವನು ಬ್ಯಾಟರಿಯನ್ನು ದುಡಿಸಿ ಸವೆಸುತ್ತಾನೆ. ನೂರಾರು ಸಲ ತುಂಬಿ ಬರಿದು ಮಾಡಿ, ಗಳಿಸಿ, ಹೊಸದು ಕೊಳ್ಳುತ್ತಾನೆ. ಹವ್ಯಾಸಿಯ ಬ್ಯಾಟರಿ ದುಡಿಯದೆಯೇ ಮುದಿಯಾಗುತ್ತದೆ. ಲಿಥಿಯಂ ಸೆಲ್ಲಿಗೆ ಬಳಕೆಯ ಸವೆತ ಒಂದಾದರೆ ಕಾಲದ ಸವೆತ ಇನ್ನೊಂದು. ಪೂರ್ತಿ ತುಂಬಿ, ಬಿಸಿ ಜಾಗದಲ್ಲಿ ಇಟ್ಟಷ್ಟೂ ಎರಡನೆಯದು ಬೇಗ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ತಗಡಿನ ಮಾಡಿನ ಕೆಳಗೆ ಇಟ್ಟ ಬ್ಯಾಟರಿಗೆ ತಣ್ಣನೆಯ ದೇಶದ ಆಯುಸ್ಸನ್ನು ನಿರೀಕ್ಷಿಸಲಾಗದು. ವೈರಿನ ಉಪಕರಣಕ್ಕೂ ಸಾವಿದೆ ಎನ್ನಬಹುದು, ಇದೆ. ಆದರೆ ಅದು ಸಾಯುವ ರೀತಿ ನಮ್ಮ ಊರುಗಳಿಗೆ ಗೊತ್ತು. ಕಾರ್ಬನ್ ಬ್ರಷ್ ಸವೆದರೆ ಜೋಡಿ ಬ್ರಷ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಅಗ್ಗಕ್ಕೆ ಸಿಗುತ್ತದೆ. ಆರ್ಮೇಚರ್ ಸುಟ್ಟರೆ ತಾಮ್ರದ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿ ತಾಲ್ಲೂಕು ಕೇಂದ್ರದಲ್ಲೂ ಇರುತ್ತದೆ; ಅದೇ ಅಂಗಡಿ ತೋಟದ ಪಂಪ್‌ಸೆಟ್ಟನ್ನೂ ಮಿಕ್ಸಿಯನ್ನೂ ಉಳಿಸುತ್ತಿರುತ್ತದೆ. ಬ್ರಷ್ ಇಲ್ಲದ ಮೋಟಾರಿನ ನಿಯಂತ್ರಕ ಹಲಗೆ ಕೆಟ್ಟರೆ, ಬ್ಯಾಟರಿಯೊಳಗಿನ ಒಂದು ಜೋಡಿ ಸೆಲ್ಲು ಮಲಗಿದರೆ, ಆ ಅಂಗಡಿಯವನ ವಿದ್ಯೆ ಅಲ್ಲಿಗೆ ಮುಟ್ಟುವುದಿಲ್ಲ. ಮುಟ್ಟಿದರೂ ಬಿಡಿಭಾಗ ಕಂಪನಿಯ ಕೈಯಲ್ಲಿದೆ.

ಇಷ್ಟಕ್ಕೆ ಮೊದಲ ಆಕ್ಷೇಪ ಏಳುತ್ತದೆ, ಅದು ಬಲವಾದದ್ದು. ವೈರೆಂಬುದು ಬರೀ ಕಿರಿಕಿರಿಯಲ್ಲ, ಅಪಾಯ. ಗರಗಸದ ಹಲ್ಲಿಗೆ ಅದರದೇ ವೈರು ಸಿಗುವುದು, ಎಕ್ಸ್‌ಟೆನ್ಷನ್ ಬೋರ್ಡಿಗೆ ಕಾಲು ತೊಡರುವುದು, ಒದ್ದೆ ನೆಲದಲ್ಲಿ ಶಾಕ್ ಹೊಡೆಯುವುದು ಕಲ್ಪನೆಯ ಮಾತುಗಳಲ್ಲ. ಲೋಹದ ಮೈಯಿನ ಹಳೆಯ ಡ್ರಿಲ್ಲುಗಳ ಕಾಲದಲ್ಲಂತೂ ಅರ್ಥಿಂಗ್ ಕೈಕೊಟ್ಟರೆ ಜೀವಕ್ಕೇ ಸಂಚಕಾರ. ಎರಡು ಪದರದ ಇನ್ಸುಲೇಷನ್, ಪ್ಲಾಸ್ಟಿಕ್ ಮೈ ಬಂದ ಮೇಲೆ ಶಾಕಿನ ಭಯ ಬಹಳ ಕಡಿಮೆಯಾಯಿತು, ತೊಡಕು ಉಳಿಯಿತು. ಇದನ್ನೆಲ್ಲ ಒಪ್ಪಲೇಬೇಕು. ಡ್ರಿಲ್, ಇಂಪ್ಯಾಕ್ಟ್ ಡ್ರೈವರ್, ಜಿಗ್‌ಸಾಗಳಂತೆ ಕೈಯ ಜೊತೆ ಸುತ್ತುವ, ಕ್ಷಣ ಕ್ಷಣ ಎತ್ತಿ ಇಡುವ ಉಪಕರಣಗಳಲ್ಲಿ ಬ್ಯಾಟರಿ ನಿಜಕ್ಕೂ ಮೇಲು, ವೈರಿಗೆ ಹಿಂತಿರುಗಿ ಎನ್ನುವುದು ಮೂರ್ಖತನ. ಆದರೆ ಈ ಅನುಕೂಲ ಎಲ್ಲ ಉಪಕರಣಕ್ಕೂ ಒಂದೇ ಪ್ರಮಾಣದಲ್ಲಿ ಹರಡಿಲ್ಲ. ಮೇಲೆ ಹೇಳಿದ 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವ ಒಟ್ಟು ಶಕ್ತಿ 90 ವ್ಯಾಟ್-ಅವರ್. 1,400 ವ್ಯಾಟ್ ಎಳೆಯುವ ಗರಗಸ ಪೂರ್ಣ ಹೊರೆಯಲ್ಲಿ ನಿಲ್ಲದೆ ಓಡಿದರೆ ಅದು ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ಒಂದು ಪ್ಲೈವುಡ್ ಹಾಳೆ ಕೊಯ್ಯಲು ಅಷ್ಟೂ ಬೇಡ ಎಂಬುದು ನಿಜ. ದಿನವಿಡೀ ಉಜ್ಜುವ ಸ್ಯಾಂಡರಿಗೆ, ಮೇಜಿಗೆ ಬಿಗಿದ ರೂಟರಿಗೆ, ಜಾಗ ಬಿಟ್ಟು ಕದಲದ ಟೇಬಲ್ ಸಾಗೆ ಅದು ಸಾಲದು ಎಂಬುದೂ ಅಷ್ಟೇ ನಿಜ. ಧೂಳು ಎಳೆಯುವ ಕೊಳವೆಯನ್ನು ಬಾಲದಂತೆ ಎಳೆದಾಡುವ ಸ್ಯಾಂಡರಿನಲ್ಲಿ ವೈರು ಕಿತ್ತೊಗೆದು ಗಳಿಸಿದ್ದೇನು ಎಂಬುದನ್ನೂ ಕೇಳಿಕೊಳ್ಳಬಹುದು. ಎಲ್ಲವನ್ನೂ ಬ್ಯಾಟರಿಗೆ ಹೊರಳಿಸಬೇಕೆಂಬ ಒತ್ತಾಯ ಹುಟ್ಟುವುದು ಕೆಲಸದ ಬೆಂಚಿನಿಂದಲ್ಲ, ಆಗಲೇ ಕೊಂಡಿರುವ ಬ್ಯಾಟರಿಯಿಂದ.

ಎರಡನೆಯ ಆಕ್ಷೇಪ ಕಂಪನಿಗಳ ಪರವಾದದ್ದು: ಲಿಥಿಯಂ ಆಟದ ಸಾಮಾನಲ್ಲ, ತಪ್ಪಿದರೆ ಹೊತ್ತಿ ಉರಿಯುತ್ತದೆ, ಬ್ಯಾಟರಿ, ಉಪಕರಣ, ಚಾರ್ಜರ್ ಮೂರೂ ಪರಸ್ಪರ ಮಾತಾಡಿಕೊಂಡರೆ ಮಾತ್ರ ಸುರಕ್ಷಿತ, ಆದ್ದರಿಂದ ಒಂದೇ ಮನೆಯದಾಗಿರಬೇಕು. ಮೊದಲರ್ಧ ಪೂರ್ತಿ ಸರಿ. ಎರಡನೆಯರ್ಧವನ್ನು ಕಂಪನಿಗಳೇ ಸುಳ್ಳು ಮಾಡಿವೆ. 2018ರಲ್ಲಿ ಜರ್ಮನಿಯ ಮೆಟಾಬೊ ತನ್ನ 18 ವೋಲ್ಟಿನ ಬ್ಯಾಟರಿಯನ್ನು ಇತರ ಕಂಪನಿಗಳ ಉಪಕರಣಗಳಿಗೂ ಹೊಂದಿಸುವ ಒಕ್ಕೂಟ ಕಟ್ಟಿತು. ಬಾಷ್ ಕೂಡ ಮನೆಬಳಕೆಯ ಬ್ಯಾಟರಿಗೆ 2020ರಲ್ಲಿ, ವೃತ್ತಿಬಳಕೆಯದಕ್ಕೆ 2022ರಲ್ಲಿ ಅಂಥವೇ ಒಕ್ಕೂಟಗಳನ್ನು ಮಾಡಿಕೊಂಡಿತು. ಬೇರೆ ಬೇರೆ ಕಾರ್ಖಾನೆಯ ಉಪಕರಣ ಒಂದೇ ಬ್ಯಾಟರಿಯಲ್ಲಿ ಸುರಕ್ಷಿತವಾಗಿ ಓಡಬಲ್ಲದು ಎಂಬುದಕ್ಕೆ ಇನ್ನೇನು ಪುರಾವೆ ಬೇಕು? ಒಂದು ಕೊರತೆಯಿದೆ. ಇವು ತೆರೆದ ಮಾನಕಗಳಲ್ಲ, ಒಳಗಿನವರಿಗಷ್ಟೇ ಬಾಗಿಲು ತೆರೆಯುವ ಕೂಟಗಳು. ಬಾಷ್‌ನ ಹಸಿರು ಮೈಯಿನ ಮನೆಬಳಕೆಯ ಬ್ಯಾಟರಿ ಅದರದೇ ನೀಲಿ ಮೈಯಿನ ವೃತ್ತಿಬಳಕೆಯ ಉಪಕರಣಕ್ಕೆ ಕೂರುವುದಿಲ್ಲ. ಆದರೂ ಅಡ್ಡಿ ಇರುವುದು ವಿಜ್ಞಾನದಲ್ಲಲ್ಲ ಎಂಬ ಮಾತನ್ನು ಅವು ಸಿದ್ಧಮಾಡಿ ಕೊಟ್ಟಿವೆ.

ಮೂರನೆಯ ಆಕ್ಷೇಪ ಇತಿಹಾಸದ್ದೇ: ಈಗಲೇ ಒಂದು ಅಳತೆಗೆ ಕಟ್ಟಿಹಾಕಿದರೆ ಮುಂದಿನ ಸುಧಾರಣೆ ನಿಲ್ಲುತ್ತದೆ. ಇದಕ್ಕೆ ಮರಗೆಲಸದ ಪೆಟ್ಟಿಗೆಯನ್ನೇ ತೆರೆದು ತೋರಿಸಬಹುದು. ಜಿಗ್‌ಸಾ ಅಲಗಿನ ಟಿ ಆಕಾರದ ತುದಿ ಬಾಷ್ ರೂಪಿಸಿದ್ದು. ಇಂದು ಯಾವ ಕಂಪನಿಯ ಜಿಗ್‌ಸಾ ಕೊಂಡರೂ ಸಾಮಾನ್ಯವಾಗಿ ಅದೇ ಅಲಗು ಹೊಂದುತ್ತದೆ. ಗೋಡೆ ಕೊರೆಯುವ ಹ್ಯಾಮರ್ ಡ್ರಿಲ್ಲಿನ ಎಸ್‌ಡಿಎಸ್ ಬಿಟ್ಟು 1970ರ ದಶಕದಲ್ಲಿ ಅದೇ ಕಂಪನಿಯಿಂದ ಬಂದು ಎಲ್ಲರದಾಯಿತು. ಸ್ಕ್ರೂ ಬಿಟ್ಟಿನ ಕಾಲಿಂಚಿನ ಷಟ್ಕೋನ, ರೂಟರ್ ಬಿಟ್ಟಿನ 6, 8, 12.7 ಮಿಲಿಮೀಟರ್ ಕಾಂಡ, ಗರಗಸದ ಬಿಲ್ಲೆಯ ನಡುವಿನ ತೂತು, ಇವೆಲ್ಲ ಬೆರಳೆಣಿಕೆಯ ಅಳತೆಗಳಿಗೆ ಬಂದು ನಿಂತಿವೆ. ನಿಂತದ್ದರಿಂದ ಅಲಗಿನ ಸುಧಾರಣೆ ನಿಂತಿತೆ? ಬದಲಾಗಿ ಕಾರ್ಬೈಡ್ ಹಲ್ಲು, ತೆಳು ಅಲಗು, ಹೊಸ ಲೇಪನಗಳನ್ನು ಯಾರು ಬೇಕಾದರೂ ತಂದು ಮಾರುವಂತಾಯಿತು, ಪೈಪೋಟಿ ಹೆಚ್ಚಿತು. ಮರಗೆಲಸದ ಉಪಕರಣದಲ್ಲಿ ಮರದ ಕಡೆಯ ತುದಿ ಹೀಗೆ ಊರಿಗೆಲ್ಲ ತೆರೆದಿದೆ. ವೈರಿನ ಕಾಲದಲ್ಲಿ ಕರೆಂಟಿನ ಕಡೆಯ ತುದಿಯೂ ತೆರೆದಿತ್ತು. ಬ್ಯಾಟರಿ ಬಂದಾಗ ಮುಚ್ಚಿಕೊಂಡದ್ದು ಅದೊಂದೇ. ಇನ್ನು 18 ವೋಲ್ಟಿನ ಕಚ್ಚು ಬಹುತೇಕ ಕಂಪನಿಗಳಲ್ಲಿ ಹತ್ತಿಪ್ಪತ್ತು ವರ್ಷ ಬದಲಾಗದೆ ಉಳಿದು, ಸೆಲ್ಲುಗಳು ಮಾತ್ರ ಒಳಗೊಳಗೇ ಬಲವಾಗುತ್ತ ಬಂದಿವೆ. ತಮ್ಮ ಮನೆಯೊಳಗೆ ಮಾನಕವನ್ನು ಪಾಲಿಸಿ ಸುಧಾರಣೆ ಸಾಧಿಸಿದವರು, ಮನೆಯ ಹೊರಗೆ ಅದೇ ಮಾನಕ ಸುಧಾರಣೆಗೆ ಅಡ್ಡಿ ಎಂದರೆ ನಂಬುವುದು ಕಷ್ಟ.

ಕಾನೂನು ಈ ಪೇಟೆಗೆ ಕೈ ಹಾಕಿದ್ದು ಹೊಸತೇನಲ್ಲ. 2006ರಲ್ಲಿ ಯುರೋಪಿಯನ್ ಒಕ್ಕೂಟ ಸಣ್ಣ ಬ್ಯಾಟರಿಗಳಲ್ಲಿ ವಿಷಕಾರಿ ಕ್ಯಾಡ್ಮಿಯಂ ಬಳಕೆಯನ್ನು ನಿಷೇಧಿಸಿದಾಗ ಬ್ಯಾಟರಿ ಉಪಕರಣಗಳಿಗೆ ವಿನಾಯಿತಿ ಕೊಟ್ಟಿತ್ತು. ಬದಲಿ ಸಿಗುವುದಿಲ್ಲ ಎಂಬುದು ಅಂದಿನ ಅಳಲು. 2013ರ ತಿದ್ದುಪಡಿ ಆ ವಿನಾಯಿತಿಯನ್ನು 2016ರ ಕೊನೆಗೆ ಮುಗಿಸಿತು, ಡ್ರಿಲ್ಲುಗಳು ತಿರುಗುವುದನ್ನು ನಿಲ್ಲಿಸಲಿಲ್ಲ. ಮೊಬೈಲ್ ಚಾರ್ಜರಿನ ವಿಷಯದಲ್ಲೂ ಒಂದೇ ತೂತು ಸಾಧ್ಯವಿಲ್ಲ ಎಂದವರಿದ್ದರು. 2024ರ ಡಿಸೆಂಬರ್ 28ರಿಂದ ಅಲ್ಲಿ ಹೊಸ ಫೋನುಗಳಿಗೆ ಯುಎಸ್‌ಬಿ-ಸಿ ಕಡ್ಡಾಯವಾಗಿದೆ, ಅದರ ಅನುಕೂಲ ಬೆಂಗಳೂರಿನ ಗಿರಾಕಿಗೂ ತಲುಪಿದೆ. ಗೋಡೆಯ ಕರೆಂಟು, ಬ್ಯಾಟರಿ ಎರಡರ ಸಂಕಟವನ್ನೂ ಅರಿತವರೆಂದರೆ ಅಮೆರಿಕದಲ್ಲಿ ಹವ್ಯಾಸ ಬೆಳೆಸಿಕೊಂಡು ಊರಿಗೆ ಮರಳುವ ಕನ್ನಡಿಗರು. ಅಲ್ಲಿನ 120 ವೋಲ್ಟಿನ ರೂಟರನ್ನು ಇಲ್ಲಿನ ಗೋಡೆಗೆ ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಬ್ಯಾಟರಿಯ ಉಪಕರಣ ದೇಶ ನೋಡುವುದಿಲ್ಲ, ಆದರೆ ಅದರ ಚಾರ್ಜರ್ ಅನೇಕ ಸಲ ನೋಡುತ್ತದೆ. ಆ ಕಂಪನಿಯ ಚಾರ್ಜರ್ ಇಲ್ಲಿ ಸಿಗದಿದ್ದರೆ ಅಟ್ಟಕ್ಕೇರುವುದು ಅವರ ಇಡೀ ಸಂಗ್ರಹ. ಗೋಡೆಯ ಕರೆಂಟು ದೇಶಕ್ಕೊಂದು ಬಗೆಯಾದದ್ದು ನೂರು ವರ್ಷದ ಹಿಂದಿನ ಮುನ್ನೋಟದ ಕೊರತೆ. ಬ್ಯಾಟರಿಯ ಕಚ್ಚು ಕಂಪನಿಗೊಂದು ಬಗೆಯಾದದ್ದು ನಮ್ಮ ಕಣ್ಣೆದುರೇ ಆದದ್ದು.

ಆದ್ದರಿಂದ ವೈರಿನಿಂದ ಬ್ಯಾಟರಿಗೆ ಹೊರಳುವ ಹವ್ಯಾಸಿ ಎರಡು ಪ್ರಶ್ನೆಗಳನ್ನು ಬೇರೆಬೇರೆ ಇಟ್ಟುಕೊಳ್ಳಬೇಕು. ಈ ಕೆಲಸಕ್ಕೆ ವೈರು ಅಡ್ಡಿಯೇ ಎಂಬುದು ಒಂದು. ಅದಕ್ಕೆ ಉತ್ತರ ಉಪಕರಣದಿಂದ ಉಪಕರಣಕ್ಕೆ ಬೇರೆ. ಈ ಬ್ಯಾಟರಿಯ ಆಯುಸ್ಸು ಮುಗಿದ ದಿನ ನನ್ನ ಉಪಕರಣ ಏನಾಗುತ್ತದೆ ಎಂಬುದು ಇನ್ನೊಂದು. ಅದಕ್ಕೆ ಉತ್ತರ ಕಂಪನಿಯ ಮರ್ಜಿ. ಮೊದಲನೆಯ ಉತ್ತರದ ಹುರುಪಿನಲ್ಲಿ ಎರಡನೆಯದನ್ನು ಕೇಳದೆ ಬಿಟ್ಟದ್ದೇ ಕಳೆದ ಇಪ್ಪತ್ತು ವರ್ಷಗಳ ಕಥೆ. ಕೈಯಲ್ಲಿ ಸುತ್ತುವುದಕ್ಕೆ ಬ್ಯಾಟರಿ, ಬೆಂಚಿನಲ್ಲಿ ನಿಲ್ಲುವುದಕ್ಕೆ ವೈರು ಎಂದು ಹಂಚಿಕೊಂಡರೆ ಹವ್ಯಾಸಿಯ ಹಂಗು ಅರ್ಧಕ್ಕಿಳಿಯುತ್ತದೆ. ಬ್ಯಾಟರಿಯ ಬೆಲೆಯನ್ನು ಆಸ್ತಿಯೆಂದಲ್ಲ, ಕೆಲವು ವರ್ಷದ ಬಾಡಿಗೆಯೆಂದು ಲೆಕ್ಕ ಹಾಕಿದರೆ ಅಗ್ಗದ ಕಿಟ್ಟು ನಿಜಕ್ಕೂ ಎಷ್ಟು ಅಗ್ಗ ಎಂಬುದು ತಿಳಿಯುತ್ತದೆ. ಉಳಿದ ಅರ್ಧ ಒಬ್ಬೊಬ್ಬರೇ ಬಿಡಿಸಿಕೊಳ್ಳುವಂಥದ್ದಲ್ಲ. ಗೋಡೆಯ ಸಾಕೆಟ್ಟಿನ ಅಳತೆಯನ್ನು ನಮ್ಮಲ್ಲಿ ಗೊತ್ತುಮಾಡಿದ್ದು ಗಿರಾಕಿಯ ಜಾಣತನವಲ್ಲ, ಒಂದು ಸಾರ್ವಜನಿಕ ಮಾನಕ. ಹಿಡಿಕೆಯ ಬುಡದ ಕಚ್ಚಿಗೂ ಅಂಥದೇ ಮಾನಕ ಬರಬೇಕು; ಅದು ಬರುವ ತನಕ ಬ್ಯಾಟರಿಯ ಉಪಕರಣವನ್ನು ಅನುಕೂಲವೆಂದು ಕೊಳ್ಳೋಣ, ಸ್ವಾತಂತ್ರ್ಯವೆಂದು ಕೊಳ್ಳುವುದು ಬೇಡ.